ರೆಸ್ಕ್ಯೂ ಡೈವರ್ ಕೋರ್ಸ್ ಈಗ್ಲೇ ಮಾಡ್ಲಾ, ಇನ್ನೂ ಸ್ವಲ್ಪ ಡೈವ್ ಆದ್ಮೇಲೆ ಮಾಡ್ಲಾ?

ನೀರ್ಗುಳ್ಳೆ:

ಎಲ್ರಿಗೂ ನಮಸ್ಕಾರ. ಸ್ಕೂಬಾ ಡೈವಿಂಗಲ್ಲಿ ಮೊದಲನೇ ಕೋರ್ಸ್ ಓಪನ್ ವಾಟರ್ ಆಯ್ತು, ಅದರ ಮುಂದಿನ ಅಡ್ವಾನ್ಸ್ಡ್ ಆಯ್ತು, ಲಾಗ್ ಬುಕ್ಕಲ್ಲಿ ಈಗ 31 ಡೈವ್ ಇದೆ. ಕಷ್ಟದಲ್ಲಿರೋ ಡೈವರನ್ನ ಕಾಪಾಡೋದು ಕಲಿಸೋ ರೆಸ್ಕ್ಯೂ ಡೈವರ್ ಮಾಡ್ಬೇಕು ಅಂತ ತಲೇಲಿ ಕೊರೀತಾನೇ ಇದೆ, ಆದ್ರೆ ಧೈರ್ಯ ಸಾಲ್ತಿಲ್ಲ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಎರಡು ತಿಂಗ್ಳ ಹಿಂದೆ ಒಂದು ಡೈವಲ್ಲಿ ನನಗೆ ಜೊತೆಗಾರರಾಗಿ ಸಿಕ್ಕಿದ್ದು ಆವತ್ತೇ ಪರಿಚಯ ಆದವ್ರು. 16 ಮೀಟರ್ ಆಳದಲ್ಲಿ ಇದ್ವಿ. ಅವ್ರ ಮಾಸ್ಕ್ ಒಳಗೆ ನೀರು ತುಂಬ್ತು, ಕ್ಲಿಯರ್ ಮಾಡೋಕೆ ಹೋದ್ರು ಆಗ್ಲಿಲ್ಲ, ಮತ್ತೆ ಮಾಡಿದ್ರು ಆಗ್ಲಿಲ್ಲ, ಮೂರನೇ ಸಲಕ್ಕೆ ಎರಡೂ ಕೈ ಮೇಲಕ್ಕೆ ಎತ್ತಿ ಫಿನ್ ಜೋರಾಗಿ ಒದ್ಕೊಂಡು ಸೀದಾ ಮೇಲೆ ಹೊರಟ್ರು. ನಾನು ಎರಡೇ ಮೀಟರ್ ದೂರದಲ್ಲಿ ಇದ್ದೆ. ಕೈಕಾಲೇ ಆಡ್ಲಿಲ್ಲ ನನಗೆ. ಏನು ಮಾಡ್ಬೇಕು ಅಂತ ಪುಸ್ತಕದಲ್ಲಿ ಓದಿದ್ದೆ, ಆದ್ರೂ ಮರದ ಥರ ನಿಂತ್ಬಿಟ್ಟೆ. ನಮ್ಮ ಡೈವ್ ಮಾಸ್ಟರ್ ಎಲ್ಲಿಂದ್ಲೋ ಬಂದು ಅವ್ರ ಬಿಸಿಡಿ (ತೇಲೋಕೆ ಗಾಳಿ ತುಂಬೋ ಜಾಕೆಟ್) ಪಟ್ಟಿ ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ಉಸಿರಾಡೋ ರೆಗ್ಯುಲೇಟರ್ ಬಾಯಿಂದ ಬೀಳದ ಹಾಗೆ ಒತ್ತಿ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾ ನಿಧಾನಕ್ಕೆ ಮೇಲೆ ಕರ್ಕೊಂಡು ಹೋದ್ರು. ಯಾರಿಗೂ ಏನೂ ಆಗ್ಲಿಲ್ಲ. ಆದ್ರೆ ಆ ಎರಡು ಮೀಟರ್ ದೂರ ನನಗೆ ಇವತ್ತಿಗೂ ರಾತ್ರಿ ಮಲಗಿದಾಗ ಕಣ್ಮುಂದೆ ಬರುತ್ತೆ.

ಹಾಗಾಗಿ ಕೇಳ್ತಿರೋದು ಇಷ್ಟು. 31 ಡೈವ್ ಸಾಕಾ? ನನ್ನ ತೂಕ 50 ಕೆಜಿ, 85 ಕೆಜಿ ಇರೋ ಮನುಷ್ಯನ್ನ ನಾನು ಎಳೆಯೋಕೆ ಆಗುತ್ತಾ? ಮತ್ತೆ ಮುಖ್ಯವಾಗಿ, ಒಂದ್ಸಲ ಹಾಗೆ ಸ್ತಬ್ಧ ಆಗಿ ನಿಂತೋರಿಗೆ ಈ ಕೋರ್ಸಿಂದ ಅದು ಹೋಗುತ್ತಾ? ಮಾಡಿರೋರು ದಯವಿಟ್ಟು ಬಿಚ್ಚಿ ಹೇಳಿ.

ಹಳೇಫಿನ್:

ಮೊದ್ಲು ಒಂದು ಮಾತು ತಂಗಿ, ನೀವು ನಿಂತ್ಬಿಟ್ಟಿದ್ದು ತಪ್ಪಲ್ಲ, ಟ್ರೇನಿಂಗ್ ಇಲ್ದೇ ಇರೋ ಎಲ್ರೂ ನಿಲ್ತಾರೆ. ನಾನೂ ನಿಂತಿದ್ದೆ. ನೀವು ಗಾಬರಿಯಲ್ಲಿ ಹೋಗಿ ತಪ್ಪು ಕಡೆ ಹಿಡ್ಕೊಂಡಿದ್ರೆ ಇಬ್ರೂ ಸೇರಿ ಮೇಲಕ್ಕೆ ಹಾರ್ತಿದ್ರಿ. 16 ಮೀಟರಿಂದ ಉಸಿರು ಬಿಗಿ ಹಿಡ್ಕೊಂಡು ಮೇಲೆ ಹೋದ್ರೆ ಶ್ವಾಸಕೋಶದಲ್ಲಿರೋ ಗಾಳಿ ಎರಡೂವರೆ ಪಟ್ಟು ಹಿಗ್ಗೋಕೆ ನೋಡುತ್ತೆ, ಅಲ್ಲಿ ಅಷ್ಟು ಜಾಗ ಇಲ್ಲ. ನಿಮ್ಮ ಡೈವ್ ಮಾಸ್ಟರ್ ಅವ್ರನ್ನ ತಡೆದು ನಿಧಾನ ಮಾಡಿದ್ದು ಅದಕ್ಕೇ.

ಕೋರ್ಸಿನ ವಿಷಯಕ್ಕೆ ಬರ್ತೀನಿ. ಪ್ಯಾಡಿ ಅನ್ನೋ ಡೈವಿಂಗ್ ಸಂಸ್ಥೆಯಲ್ಲಿ ಮಾಡೋದಾದ್ರೆ ಇಷ್ಟೇ ಡೈವ್ ಆಗಿರ್ಬೇಕು ಅಂತ ಲೆಕ್ಕ ಕೇಳಲ್ಲ, ಅಡ್ವೆಂಚರ್ ಡೈವರ್ ಮಟ್ಟ ಮುಟ್ಟಿರ್ಬೇಕು, ಅದ್ರಲ್ಲಿ ದಿಕ್ಕು ನೋಡ್ಕೊಂಡು ಹೋಗೋ ನ್ಯಾವಿಗೇಶನ್ ಡೈವ್ ಆಗಿರ್ಬೇಕು, ಜೊತೆಗೆ ಹಿಂದಿನ 24 ತಿಂಗ್ಳಲ್ಲಿ ಸಿಪಿಆರ್ (ಎದೆ ಒತ್ತಿ ಉಸಿರು ಕೊಡೋದು) ಮತ್ತೆ ಫಸ್ಟ್ ಏಡ್ ತರಬೇತಿ ತಗೊಂಡಿರ್ಬೇಕು. ಅಷ್ಟೇ. ನಿಮ್ಮ ಹತ್ರ ಅಡ್ವಾನ್ಸ್ಡ್ ಇದೆ ಅಂದ್ಮೇಲೆ ಮೊದಲೆರಡು ಆಯ್ತು. ಎಸ್‌ಎಸ್‌ಐ ಸಂಸ್ಥೆಯಲ್ಲಿ ಇದೇ ಥರದ ಕೋರ್ಸಿಗೆ ಸ್ಟ್ರೆಸ್ ಅಂಡ್ ರೆಸ್ಕ್ಯೂ ಅಂತ ಹೆಸರಿದೆ, ನನಗೆ ಆ ಹೆಸರೇ ಹೆಚ್ಚು ಸರಿ ಅನ್ಸುತ್ತೆ. ಯಾಕಂದ್ರೆ ಕೋರ್ಸಲ್ಲಿ ಅರ್ಧಕ್ಕರ್ಧ ಕಲಿಯೋದು ಸ್ಟ್ರೆಸ್ಸನ್ನ ನೋಡೋದು. ಬೋಟಲ್ಲಿ ಎಲ್ರೂ ಮಾತಾಡ್ತಾ ಇದ್ರೆ ಒಬ್ರು ಸುಮ್ನೆ ಕೂತು ಒಂದೇ ಬಕಲ್ ನಾಲ್ಕು ಸಲ ಬಿಚ್ಚಿ ಹಾಕ್ತಿರ್ತಾರೆ. ಇನ್ನೊಬ್ರು ಯಾವತ್ತೂ ಇಲ್ದಷ್ಟು ಜೋರಾಗಿ ಜೋಕ್ ಹೊಡೀತಿರ್ತಾರೆ. ನೀರಿಗಿಳಿದ ಐದೇ ನಿಮಿಷಕ್ಕೆ ಒಬ್ರ ಗುಳ್ಳೆ ನಿಲ್ದೇ ಬರ್ತಾನೇ ಇರುತ್ತೆ, ಅಂದ್ರೆ ಉಸಿರು ಮೇಲಿಂದ ಮೇಲೆ ಎಳೀತಿದಾರೆ ಅಂತ ಅರ್ಥ. ಕಣ್ಣು ಮಾಸ್ಕ್ ತುಂಬಾ ಅಗಲ ಆಗಿರುತ್ತೆ. ಇವೆಲ್ಲ ಮೊದ್ಲೂ ನಮ್ಮ ಕಣ್ಮುಂದೇನೇ ಇತ್ತು, ಆದ್ರೆ ನಮ್ಮ ಗಮನ ನಮ್ಮ ಗೇಜ್ ಮೇಲೆ, ನಮ್ಮ ಮೀನಿನ ಮೇಲೆ. ನಿಮ್ಮ ಜೊತೆಗಾರರು ಮೊದಲನೇ ಸಲ ಮಾಸ್ಕ್ ಕ್ಲಿಯರ್ ಮಾಡೋಕೆ ಆಗ್ದೇ ಇದ್ದಾಗ ಹತ್ರ ಹೋಗಿ ಅವ್ರ ತೋಳು ಹಿಡಿದು, ಕೈಯಲ್ಲಿ ನಿಧಾನ ನಿಧಾನ ಅಂತ ತೋರಿಸಿ, ಉಸಿರು ಎಳೆದು ಬಿಡಿ ಅಂತ ಸನ್ನೆ ಮಾಡಿದ್ರೆ ಮೂರನೇ ಸಲದ ಗಲಾಟೆ ಬಹುಶಃ ಆಗ್ತಾನೇ ಇರ್ಲಿಲ್ಲ. ರೆಸ್ಕ್ಯೂ ಮಾಡೋ ಹೊತ್ತು ಅದು, ಮೊದಲನೇ ಸಲ.

ಇನ್ನು ನೀರಿನ ಮೇಲೆ ಗಾಬರಿಬಿದ್ದೋರ ವಿಷಯ. ಮುಳುಗೋನಿಗೆ ಹುಲ್ಲುಕಡ್ಡಿ ಆಸರೆ ಅಂತಾರಲ್ಲ, ಆ ಹುಲ್ಲುಕಡ್ಡಿ ನೀವೇ. ಮಾಸ್ಕ್ ಹಣೆ ಮೇಲೆ ತಳ್ಳಿರ್ತಾರೆ, ರೆಗ್ಯುಲೇಟರ್ ಉಗಿದಿರ್ತಾರೆ, ಹತ್ರ ಹೋದ್ರೆ ನಿಮ್ಮ ತಲೆ ಮೇಲೆ ಹತ್ತಿ ಕೂತ್ಕೋತಾರೆ. ಬೇಕಂತ ಅಲ್ಲ, ಆ ಹೊತ್ತಲ್ಲಿ ಅವ್ರಿಗೆ ನೀವು ಮನುಷ್ಯ ಅಲ್ಲ, ಗಾಳಿ ಕಡೆ ಹೋಗೋ ಒಂದು ಮೆಟ್ಟಿಲು. ಅದಕ್ಕೆ ಕೈಗೆಟುಕದಷ್ಟು ದೂರ ನಿಂತು ಮೊದ್ಲು ಮಾತಾಡ್ಬೇಕು, ಬಿಸಿಡಿಗೆ ಗಾಳಿ ತುಂಬ್ಕೊಳ್ಳಿ, ವೇಟ್ (ಮುಳುಗೋಕೆ ಕಟ್ಕೊಂಡಿರೋ ತೂಕ) ಬಿಡಿ ಅಂತ ಗಟ್ಟಿಯಾಗಿ ಹೇಳ್ಬೇಕು, ಕೇಳ್ಲಿಲ್ಲ ಅಂದ್ರೆ ನೀರೊಳಗೆ ಇಳಿದು ಹಿಂದಿನಿಂದ ಬಂದು ಅವ್ರ ಟ್ಯಾಂಕನ್ನ ಎರಡು ಮಂಡಿ ಮಧ್ಯೆ ಅವುಚಿ ಹಿಡಿದು ಅವ್ರ ಬಿಸಿಡಿಗೆ ಗಾಳಿ ತುಂಬೋ ಇನ್‌ಫ್ಲೇಟರ್ ಒತ್ತಬೇಕು. ಅಕಸ್ಮಾತ್ ಅವ್ರ ಕೈಗೆ ಸಿಕ್ಕಿಬಿದ್ರಿ ಅಂದ್ಕೊಳ್ಳಿ, ರೆಗ್ಯುಲೇಟರ್ ಬಾಯಲ್ಲಿ ಇಟ್ಕೊಂಡು ಕೆಳಗೆ ಹೋಗಿ. ಗಾಬರಿಬಿದ್ದೋರು ಕೆಳಗೆ ಬರೋಕೆ ಒಪ್ಪಲ್ಲ, ತಾವಾಗೇ ಬಿಡ್ತಾರೆ. ಇದನ್ನ ಕೋರ್ಸಲ್ಲಿ ಹತ್ತಾರು ಸಲ ಮಾಡಿಸ್ತಾರೆ, ಮೊದಲನೇ ಸಲ ಮಾಡೋವಾಗ ಇನ್‌ಸ್ಟ್ರಕ್ಟರ್ ನನ್ನ ಮಾಸ್ಕ್ ಕಿತ್ತು ಎಸೆದಿದ್ರು, ನೀರು ಕುಡಿದು ಕೆಮ್ಮಿ ಕೆಮ್ಮಿ ಸಾಕಾಗಿತ್ತು. ನಾಲ್ಕನೇ ಸಲಕ್ಕೆ ಕೈ ತಾನಾಗೇ ಇನ್‌ಫ್ಲೇಟರ್ ಹುಡುಕ್ತಿತ್ತು. ನಿಮ್ಮ ಕೊನೇ ಪ್ರಶ್ನೆಗೆ ಅದೇ ನನ್ನ ಉತ್ತರ, ಸ್ತಬ್ಧ ಆಗೋದು ಹೋಗುತ್ತೆ, ಯಾಕಂದ್ರೆ ತಲೆ ನಿಂತ್ರೂ ಕೈಗೆ ಮುಂದಿನದು ಗೊತ್ತಿರುತ್ತೆ. ಈಗ್ಲೇ ಮಾಡಿ.

ತೆರೆಮರೆ:

50 ಕೆಜಿ ಅಂತ ಹೆದರ್ಬೇಡಿ, ನಾನು 47. ನನ್ನ ಕೋರ್ಸಲ್ಲಿ ನನಗೆ ಸಿಕ್ಕಿದ್ದು ಆರಡಿ ಎತ್ತರದ ದಪ್ಪ ಮನುಷ್ಯ.

ನೀರಲ್ಲಿ ತೂಕ ಲೆಕ್ಕಕ್ಕೇ ಬರಲ್ಲ, ಅವ್ರ ಬಿಸಿಡಿ ತುಂಬ್ಸಿ ವೇಟ್ ಬಿಚ್ಚಿ ಬಿಸಾಕಿದ್ರೆ ಅವ್ರು ಬೆಂಡಿನ ಥರ ತೇಲ್ತಾರೆ. ಕಷ್ಟ ಇರೋದು ಎರಡು ಕಡೆ. ಒಂದು, ಎಳೆಯೋವಾಗ ನೀರು ತಡೆಯುತ್ತೆ, ಅಲೆ ಎದುರಿಗಿದ್ರೆ ಇನ್ನೂ ಜಾಸ್ತಿ. ಶುರುವಲ್ಲಿ ಜೋರಾಗಿ ಒದ್ದು ದೂರ ಹೋಗೋಣ ಅಂತ ಹೋದ್ರೆ ಎರಡು ನಿಮಿಷಕ್ಕೆ ತೊಡೆ ಹಿಡ್ಕೊಳ್ಳುತ್ತೆ, ಒಂದೇ ಸಮನೆ ಉದ್ದುದ್ದ ಒದೆತ ಹಾಕ್ಬೇಕು. ಇನ್ನೊಂದು, ನೀರಿಂದ ಹೊರಗೆ ತೆಗೆಯೋದು. ಅಲ್ಲಿ ತೂಕ ಪೂರ್ತಿ ವಾಪಸ್ ಬರುತ್ತೆ. ಹೆಗಲ ಮೇಲೆ ಹೊತ್ಕೊಂಡು ಏಣಿ ಹತ್ತೋದು ನನ್ನ ಕೈಲಿ ಆಗ್ಲಿಲ್ಲ, ಆಗಲ್ಲ ಅಂತ ಇನ್‌ಸ್ಟ್ರಕ್ಟರಿಗೆ ನೇರವಾಗಿ ಹೇಳ್ದೆ. ಅವ್ರು ಬೈಲಿಲ್ಲ, ಬೇರೆ ದಾರಿ ತೋರಿಸಿದ್ರು. ಹಗ್ಗ ಅಥವಾ ಬಲೆ ಬೋಟಿಗೆ ಕಟ್ಟಿ ಆ ಮನುಷ್ಯನ್ನ ಅದರ ಮಡಿಕೆಯೊಳಗೆ ಮಲಗ್ಸಿ ಮೇಲಿಂದ ಎಳೆದ್ರೆ ಉರುಳ್ಕೊಂಡು ಮೇಲೆ ಬರ್ತಾರೆ, ಅರ್ಧ ಭಾರಕ್ಕೆ ಕೆಲ್ಸ ಆಗುತ್ತೆ. ದಡ ಇದ್ರೆ ಅಲೆ ಬರೋವರ್ಗೂ ಕಾದು ಅಲೆ ಜೊತೆ ಎಳೀಬೇಕು, ಅಲೆ ಹೋಗೋವಾಗ ನಿಲ್ಬೇಕು. ಮತ್ತೆ ಕೂಗೋದು ಕಲೀರಿ. ನಿಜವಾಗ್ಲೂ. ನನಗೆ ಕೋರ್ಸಲ್ಲಿ ಅತಿ ಕಷ್ಟ ಆಗಿದ್ದು ಹೊಟ್ಟೆಯೊಳಗಿಂದ ಗಂಟಲು ಬಿಚ್ಚಿ ಯಾರಾದ್ರೂ ಬನ್ನಿ ಅಂತ ಕೂಗೋದು, ಸಂಕೋಚ ಆಗ್ತಿತ್ತು.

ಈಗ ಏಳನೇ ಎಕ್ಸರ್ಸೈಸ್ ಬಗ್ಗೆ ಹೇಳ್ಬೇಕು, ಒಟ್ಟು ಹತ್ತಿದೆ ಅದ್ರಲ್ಲಿ ಎಲ್ರೂ ಬೆವರೋದು ಇದಕ್ಕೇ. ನೀರಿನ ಮೇಲೆ ಪ್ರಜ್ಞೆ ಇಲ್ದೇ ಉಸಿರೂ ಇಲ್ದೇ ಇರೋ ಡೈವರ್. ಅವ್ರನ್ನ ಅಂಗಾತ ತಿರುಗ್ಸಿ, ಮಾಸ್ಕ್ ತೆಗೆದು, ಉಸಿರಿದೆಯಾ ನೋಡಿ, ಇಲ್ಲ ಅಂದ್ರೆ ಬಾಯಿಗೆ ಉಸಿರು ಕೊಡೋಕೆ ಶುರು, ಐದು ಸೆಕೆಂಡಿಗೆ ಒಂದು. ಆ ಐದು ಸೆಕೆಂಡಿನ ಮಧ್ಯೆ ಎಳ್ಕೊಂಡೂ ಹೋಗ್ಬೇಕು, ಅವ್ರ ಗೇರೂ ಬಿಚ್ಚಬೇಕು, ನಿಮ್ಮ ಗೇರೂ ಬಿಚ್ಚಬೇಕು. ಉಸಿರು ಕೊಟ್ಟೆ, ಒಂದು ಅಂತ ಎಣ್ಸಿ ಸೊಂಟದ ಬಕಲ್ ಹುಡುಕ್ದೆ, ಎರಡು ಅಂತ ಕ್ಲಿಕ್ ಆಯ್ತು, ಮೂರಕ್ಕೆ ಭುಜದ ಪಟ್ಟಿ ಎಳೆಯೋಕೆ ಹೋದೆ ಅದು ಇನ್‌ಫ್ಲೇಟರ್ ಹೋಸಿಗೆ ಸಿಕ್ಕಾಕ್ಕೊಂಡಿತ್ತು, ನಾನು ಅದನ್ನ ಬಿಡಿಸೋಕೆ ನಿಂತೆ. ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ತೇಲ್ತಾ ಮೆತ್ತಗೆ ಎಣಿಸ್ತಿದ್ರು, ಏಳು, ಎಂಟು, ಒಂಬತ್ತು. ಅಷ್ಟ್ರಲ್ಲಿ ಸಣ್ಣದೊಂದು ಅಲೆ ಬಂದು ಆ ಮನುಷ್ಯನ ಮೂಗು ಬಾಯಿ ಮೇಲೆ ಹಾದು ಹೋಯ್ತು. ನಿಲ್ಸಿ, ಮೊದಲಿಂದ ಶುರು ಮಾಡಿ ಅಂದ್ರು. ಹಾಗೆ ಮೂರು ಸಲ ಮೊದಲಿಂದ ಆಯ್ತು, ಎರಡನೇ ಸಲ ನಾನು ಅತ್ತೆ, ಮಾಸ್ಕ್ ಒಳಗೆ.

ನಾಲ್ಕನೇ ಸಲಕ್ಕೆ ಹೊಳೀತು. ಗೇರ್ ಬಿಚ್ಚೋದು ಕೆಲ್ಸ ಅಲ್ಲ, ಉಸಿರು ಕೊಡೋದು ಕೆಲ್ಸ. ಪಟ್ಟಿ ಬಿಚ್ಲಿಲ್ಲ ಅಂದ್ರೆ ಬಿಡು, ಎಣಿಕೆ ನಾಲ್ಕಾದ ತಕ್ಷಣ ಕೈ ಎಲ್ಲಿದ್ರೂ ವಾಪಸ್ ಬರ್ಬೇಕು, ಗಲ್ಲ ಎತ್ತು, ಮೂಗು ಹಿಡಿ, ಊದು, ಮತ್ತೆ ಪಟ್ಟಿಗೆ ಹೋಗು. ಆ ತಾಳ ಸಿಕ್ಮೇಲೆ ನನ್ನ ಉಸಿರಾಟನೂ ತಾನಾಗೇ ತಹಬಂದಿಗೆ ಬಂತು. ದಡ ಮುಟ್ಟಿದಾಗ ಕಾಲು ನಡುಗ್ತಿತ್ತು, ಆ ದಪ್ಪ ಮನುಷ್ಯ ಕಣ್ಣು ಬಿಟ್ಟು ಥ್ಯಾಂಕ್ಸ್ ಕಣಮ್ಮ ಅಂದ್ರು. ನಾಟಕ ಅಂತ ಗೊತ್ತಿತ್ತು, ಆದ್ರೂ ನನಗೆ ಗಂಟಲು ಕಟ್ಟಿತು. ಇಲ್ಲಿವರ್ಗೂ ಎಷ್ಟೋ ಡೈವ್ ಮಾಡಿದೀನಿ, ಅಂಥ ಸಂತೋಷ ಮತ್ತೆ ಸಿಕ್ಕಿಲ್ಲ.

ಆಳನೀಲಿ:

ಹಳೇಫಿನ್ ಸರ್ ಮೇಲೆ ಗೌರವ ಇಟ್ಕೊಂಡೇ ಹೇಳ್ತೀನಿ, ಈಗ್ಲೇ ಮಾಡಿ ಅನ್ನೋದನ್ನ ನಾನು ಒಪ್ಪಲ್ಲ. 31 ಅನ್ನೋ ಸಂಖ್ಯೆ ಬಗ್ಗೆ ಅಲ್ಲ. ಒಂದು ಪರೀಕ್ಷೆ ಮಾಡ್ಕೊಳ್ಳಿ: 5 ಮೀಟರಲ್ಲಿ, ಏನನ್ನೂ ಮುಟ್ಟದೆ, ಮಾಸ್ಕ್ ತೆಗೆದು ಕೈಯಲ್ಲಿ ಹಿಡ್ಕೊಂಡು ಒಂದು ನಿಮಿಷ ಇರೋಕೆ ಆಗುತ್ತಾ, ಮೇಲೂ ಹೋಗದೆ ಕೆಳಗೂ ಹೋಗದೆ? ಪಕ್ಕದಲ್ಲಿ ಯಾರನ್ನಾದ್ರೂ ಇಟ್ಕೊಂಡೇ ಮಾಡಿ. ಆಗುತ್ತೆ ಅಂದ್ರೆ ನಾಳೆನೇ ಸೇರಿ. ಆಗಲ್ಲ ಅಂದ್ರೆ ಇನ್ನೊಂದು ಹತ್ತು ಡೈವ್ ಬರೀ ಬಾಯನ್ಸಿಗೆ, ಅಂದ್ರೆ ಹಾಗೆ ಒಂದೇ ಆಳದಲ್ಲಿ ತೇಲ್ತಾ ನಿಲ್ಲೋದಕ್ಕೆ ಕೊಡಿ.

ಯಾಕಂದ್ರೆ ಪ್ರಜ್ಞೆ ಇಲ್ದೇ ಇರೋರನ್ನ ತಳದಿಂದ ಮೇಲೆ ತರೋವಾಗ ನೀವು ಇಬ್ರ ಬಾಯನ್ಸಿ ನೋಡ್ಬೇಕು. ಹಿಂದಿನಿಂದ ಹಿಡ್ಕೊಂಡು, ಅವ್ರ ರೆಗ್ಯುಲೇಟರ್ ಬಾಯಲ್ಲಿದ್ರೆ ಅದನ್ನ ಹಾಗೇ ಒತ್ತಿ ಹಿಡಿದು, ಬಾಯಲ್ಲಿ ಇಲ್ಲ ಅಂದ್ರೆ ಹಾಕೋಕೆ ಸಮಯ ಹಾಳು ಮಾಡದೆ, ತಲೆ ನೆಟ್ಟಗಿಟ್ಟು ಮೇಲೆ ಹೊರಡ್ಬೇಕು. ಮೇಲೆ ಬಂದ ಹಾಗೆ ಅವ್ರ ಬಿಸಿಡಿ ಗಾಳಿನೂ ಹಿಗ್ಗುತ್ತೆ ನಿಮ್ಮದೂ ಹಿಗ್ಗುತ್ತೆ, ಬಿಡ್ತಾ ಬರ್ಲಿಲ್ಲ ಅಂದ್ರೆ ಕೊನೇ ಹತ್ತು ಮೀಟರ್ ರಾಕೆಟ್. ಸ್ವಂತ ಬಾಯನ್ಸಿ ಬಗ್ಗೆ ಯೋಚ್ನೆ ಮಾಡ್ಬೇಕಾದ ಸ್ಥಿತಿಯಲ್ಲಿ ಇರೋರು ಇದನ್ನ ಕಲಿಯೋಕೆ ಹೋದ್ರೆ ಬರೀ ಒದ್ದಾಡಿ ಬರ್ತಾರೆ, ಕಾರ್ಡ್ ಸಿಗುತ್ತೆ ಕಲಿಕೆ ಸಿಗಲ್ಲ. ನಾನು ಅವಸರದಲ್ಲಿ ಮಾಡಿದೋನು, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು. ಕಾಣೆಯಾದ ಡೈವರ್ ಹುಡುಕೋ ಅಭ್ಯಾಸದಲ್ಲಿ ಕಂಪಾಸ್ ನೋಡ್ಕೊಂಡು ಚೌಕ ಚೌಕವಾಗಿ ದೊಡ್ಡದು ಮಾಡ್ತಾ ಹೋಗ್ಬೇಕಿತ್ತು, ನಾನು ಆಳ ಕಾಪಾಡ್ಕೊಳ್ಳೋದ್ರಲ್ಲೇ ಮುಳುಗಿದ್ದು ಎಷ್ಟು ಒದೆತ ಆಯ್ತು ಅನ್ನೋ ಎಣಿಕೆ ತಪ್ಪಿ, ತಳದಲ್ಲಿ ಮಲಗಿದ್ದ ಮನುಷ್ಯನ ಮೂರು ಮೀಟರ್ ಪಕ್ಕದಿಂದ ಎರಡು ಸಲ ಹಾದು ಹೋಗಿದ್ದೆ. ಕೊನೇಗೆ ಅವ್ರೇ ಟ್ಯಾಂಕ್ ತಟ್ಟಿ ಕರೆದ್ರು. ನಿಜವಾಗಿದ್ರೆ ಯಾರು ತಟ್ತಿದ್ರು.

ರಾತ್ರಿಪಾಳಿ:

ನಾನು ನರ್ಸ್, ಡೈವಿಂಗೂ ಮಾಡ್ತೀನಿ. ನೀರಿನ ಭಾಗ ಎಲ್ರೂ ಹೇಳಿದ್ರು, ನೀರಿಂದ ಹೊರಗೆ ಬಂದ್ಮೇಲಿನದು ಹೇಳ್ತೀನಿ, ಅದನ್ನ ಜನ ಹಗುರ ಮಾಡ್ತಾರೆ ಅಂತ ನನಗೆ ಬೇಜಾರು.

ತೆರೆಮರೆ ಅಕ್ಕ ಹೇಳಿದ ಆ ಐದು ಸೆಕೆಂಡಿನ ಉಸಿರು ಯಾಕೆ ಅಷ್ಟು ಮುಖ್ಯ ಅಂದ್ರೆ, ನೀರಲ್ಲಿ ಮುಳುಗಿದೋರಿಗೆ ಮೊದ್ಲು ಆಕ್ಸಿಜನ್ ಖಾಲಿ ಆಗುತ್ತೆ, ಹೃದಯ ನಿಲ್ಲೋದು ಅದಾದ್ಮೇಲೆ. ಆ ಮಧ್ಯದ ಸ್ವಲ್ಪ ಹೊತ್ತಲ್ಲಿ ಉಸಿರು ಕೊಟ್ರೆ ಹೃದಯ ನಿಲ್ದೇನೇ ಉಳೀಬಹುದು. ಹೃದಯ ನಿಂತಿದ್ರೆ ಮಾತ್ರ ನೀರಲ್ಲಿ ಏನೂ ಮಾಡೋಕಾಗಲ್ಲ, ಎದೆ ಒತ್ತೋಕೆ ಕೆಳಗೆ ಗಟ್ಟಿ ನೆಲ ಬೇಕು, ಹಾಗಾಗಿ ಆದಷ್ಟು ಬೇಗ ಬೋಟಿಗೋ ದಡಕ್ಕೋ ತರ್ಬೇಕು, ತಂದ್ಮೇಲೆ 30 ಸಲ ಒತ್ತಿ 2 ಉಸಿರು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಸಹಾಯ ಬರೋವರ್ಗೂ.

ಇನ್ನೊಂದು ಥರ ಇದೆ, ಇದು ಸದ್ದಿಲ್ದೇ ಬರೋದು. ಡೈವ್ ಮುಗಿಸಿ ಬಂದು ಎಲ್ರೂ ನಗ್ತಾ ಇರ್ತಾರೆ, ಒಬ್ರು ಮೊಣಕೈ ಉಜ್ಕೊತಾ ಕೂತಿರ್ತಾರೆ. ಕೇಳಿದ್ರೆ ಟ್ಯಾಂಕ್ ಎತ್ತಿ ಹಿಡ್ಕೊಂಡಿದೆ ಅಂತಾರೆ. ಬೆರಳು ಜುಮ್ಮೆನ್ನೋದು, ವಿಪರೀತ ಸುಸ್ತು, ಚರ್ಮದ ಮೇಲೆ ಕೆಂಪು ಕಲೆ, ಇವೆಲ್ಲ ಡಿಕಂಪ್ರೆಶನ್ ಕಾಯಿಲೆ (ಮೇಲೆ ಬಂದಾಗ ಮೈಯೊಳಗೆ ಸಾರಜನಕದ ಗುಳ್ಳೆ ಆಗೋದು) ಆಗಿರಬಹುದು, ಡೈವ್ ಆಗಿ ಕೆಲವು ಗಂಟೆ ಕಳೆದ್ಮೇಲೂ ಶುರು ಆಗಬಹುದು. ಜನ ತಮಗೇನೂ ಆಗಿಲ್ಲ ಅಂತ ಸಾಧಿಸ್ತಾರೆ, ಆ ಸಾಧಿಸೋದನ್ನೂ ಕಾಯಿಲೆಯ ಭಾಗ ಅಂತಾನೇ ಇಟ್ಕೊಳ್ಳಿ. ಮಲಗಿಸಿ, ಶೇಕಡ 100 ಆಕ್ಸಿಜನ್ ಹಾಕಿ, ಎಷ್ಟು ಆಳ ಎಷ್ಟು ಹೊತ್ತು ಇದ್ರು, ಯಾವಾಗ ನೋವು ಶುರುವಾಯ್ತು, ಯಾವಾಗ ಆಕ್ಸಿಜನ್ ಹಾಕಿದ್ವಿ ಅಂತ ಒಂದು ಚೀಟೀಲಿ ಬರೆದು ಅವ್ರ ಜೊತೆಗೇ ಕಳ್ಸಿ. ಹಿಂದೆ ತಲೆ ಕೆಳಗೆ ಕಾಲು ಮೇಲೆ ಮಾಡಿ ಮಲಗಿಸಿ ಅಂತಿದ್ರು, ಈಗ ಹಾಗೆ ಹೇಳಲ್ಲ, ಸಮತಟ್ಟಾಗಿ ಸಾಕು. ಮತ್ತೆ ನೀರಿಗೆ ಇಳಿದ್ರೆ ಸರಿಹೋಗುತ್ತೆ ಅಂತ ಯಾರಾದ್ರೂ ಅಂದ್ರೆ ದಯವಿಟ್ಟು ತಡೀರಿ. ಆಕ್ಸಿಜನ್ ಹಾಕಿ ಅರ್ಧ ಗಂಟೆಗೆ ನೋವು ಮಾಯ ಆದ್ರೂ ಡಾಕ್ಟರ್ ನೋಡ್ಲೇಬೇಕು, ಸಾರಜನಕದ ಗುಳ್ಳೆ ಪೂರ್ತಿ ಹೋಗಿದೆ ಅಂತ ಅದರರ್ಥ ಅಲ್ಲ. ಇದಕ್ಕೆ ಸಾಮಾನ್ಯವಾಗಿ ಒತ್ತಡ ಏರಿಸೋ ಚೇಂಬರಲ್ಲಿ ಕೊಡೋ ಚಿಕಿತ್ಸೆ ಅಮೆರಿಕದ ನೌಕಾಪಡೆಯ ಟೇಬಲ್ 6 ಅನ್ನೋ ಕ್ರಮ, ಅದ್ರಲ್ಲಿ 18 ಮೀಟರ್ ಆಳದ ಒತ್ತಡಕ್ಕೆ ಒಯ್ದು ಆಕ್ಸಿಜನ್ ಕೊಡ್ತಾ ನಿಧಾನಕ್ಕೆ ವಾಪಸ್ ತರ್ತಾರೆ, ಒಟ್ಟು 4 ಗಂಟೆ 45 ನಿಮಿಷ.

ಮೇಲೆ ಬಂದ ಹತ್ತೇ ನಿಮಿಷದೊಳಗೆ ಯಾರಾದ್ರೂ ಪ್ರಜ್ಞೆ ತಪ್ಪಿದ್ರೆ ಇನ್ನೂ ಗಂಭೀರ, ಶ್ವಾಸಕೋಶ ಒಡೆದು ಗಾಳಿ ಗುಳ್ಳೆ ಮೆದುಳಿಗೆ ಹೋಗಿರಬಹುದು. ನೀರ್ಗುಳ್ಳೆ, ನಿಮ್ಮ ಜೊತೆಗಾರರು ಮೇಲೆ ಬಂದ್ಮೇಲೆ ಯಾರಾದ್ರೂ ಅವ್ರ ಪಕ್ಕ ಸ್ವಲ್ಪ ಹೊತ್ತು ಕೂತು ಮಾತಾಡಿಸ್ತಾ ಇದ್ರಾ?

ನೀರ್ಗುಳ್ಳೆ:

ನಾನೇ ಕೂತಿದ್ದೆ ಮೇಡಂ. ಏನೂ ಮಾಡ್ಲಿಲ್ವಲ್ಲ ಅನ್ನೋ ಬೇಸರಕ್ಕೆ ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ, ಟವೆಲ್ ಹೊದಿಸಿ ಅವ್ರ ಮಗಳ ಬಗ್ಗೆ ಕೇಳ್ತಾ ಒಂದು ಗಂಟೆ ಕೂತಿದ್ದೆ. ಅದೂ ಲೆಕ್ಕಕ್ಕೆ ಬರುತ್ತೆ ಅಂತ ಇವತ್ತೇ ಗೊತ್ತಾಗಿದ್ದು.

ಆಳನೀಲಿ ಅವ್ರು ಹೇಳಿದ ಪರೀಕ್ಷೆ ನಿನ್ನೆ ಪೂಲಲ್ಲಿ ಮಾಡ್ದೆ, ಆಳ ಮೂರೇ ಮೀಟರ್ ಇತ್ತು. ಮಾಸ್ಕ್ ತೆಗೆದ ತಕ್ಷಣ ಮೂಗಿಗೆ ನೀರು ನುಗ್ಗಿದ ಹಾಗಾಗಿ ಗೊತ್ತಿಲ್ದೇನೇ ಉಸಿರು ಬಿಗಿ ಹಿಡಿದೆ, 20 ಸೆಕೆಂಡಿಗೆ ಮೇಲೆ ತೇಲ್ಕೊಂಡು ಬಂದುಬಿಟ್ಟಿದ್ದೆ. ಎರಡನೇ ಸಲ 40. ಹಾಗಾಗಿ ಈಗ್ಲೇ ಸೇರಲ್ಲ. ಆದ್ರೆ ಸಿಪಿಆರ್ ಮತ್ತೆ ಫಸ್ಟ್ ಏಡ್ ಕ್ಲಾಸಿಗೆ ಇವತ್ತು ಹೆಸರು ಕೊಟ್ಟೆ, ಅದಕ್ಕೆ ಬಾಯನ್ಸಿ ಬೇಕಿಲ್ವಲ್ಲ. ತೆರೆಮರೆ ಅಕ್ಕಾ, ಆ ಎಣಿಕೆನ ದಡದ ಮೇಲೆ ಅಭ್ಯಾಸ ಮಾಡೋದು ಹೇಗೆ ಅಂತ ಹೇಳ್ತೀರಾ?

ತೆರೆಮರೆ:

ನೆಲದ ಮೇಲೆ ಬಿಸಿಡಿ ಹಾಕ್ಕೊಂಡಿರೋ ಯಾರನ್ನಾದ್ರೂ ಮಲಗ್ಸಿ, ನೀವು ಅವ್ರ ತಲೆ ಕಡೆ ಮಂಡಿಯೂರಿ. ಒಂದು ಕೈ ಗಲ್ಲದ ಮೇಲೆ ಇಟ್ರೆ ಅದು ಅಲ್ಲಾಡಬಾರದು, ಇನ್ನೊಂದು ಕೈಗೆ ಮಾತ್ರ ಕೆಲ್ಸ. ಜೋರಾಗಿ ಬಾಯಿಬಿಟ್ಟು ಎಣ್ಸಿ, ಊದೋದು ಬರೀ ನಟನೆ. ಕಣ್ಣು ಮುಚ್ಕೊಂಡು ಬಕಲ್ ಹುಡುಕಿ, ನೀರಲ್ಲಿ ನೋಡೋಕೆ ಸಮಯ ಇರಲ್ಲ. ಬೇರೆ ಬೇರೆ ಥರದ ಬಿಸಿಡಿ ಸಿಕ್ರೆ ಅದ್ರಲ್ಲೂ ಮಾಡಿ, ಒಂದೊಂದ್ರಲ್ಲಿ ಬಕಲ್ ಒಂದೊಂದು ಕಡೆ. ನಾನು ಮನೇಲಿ ಸೋಫಾ ದಿಂಬಿಗೆ ಬಿಸಿಡಿ ತೊಡಿಸಿ ಮಾಡ್ತಿದ್ದೆ, ಎರಡು ವಾರಕ್ಕೆ ಕೈ ಪಳಗಿತ್ತು.

ಆಳನೀಲಿ:

20ರಿಂದ 40 ಒಂದೇ ದಿನದಲ್ಲಿ ಅಂದ್ರೆ ಒಳ್ಳೇದೇ. ಮಾಸ್ಕ್ ತೆಗೆಯೋಕೆ ಮುಂಚೆ ನಿಧಾನಕ್ಕೆ ಮೂರು ಉಸಿರು ಪೂರ್ತಿ ಹೊರಗೆ ಬಿಡಿ, ಆಮೇಲೆ ತೆಗೀರಿ, ಮೂಗಿಂದ ಸಣ್ಣಗೆ ಗುಳ್ಳೆ ಬಿಡ್ತಾ ಇರಿ. ಉಸಿರು ಬಿಗಿ ಹಿಡಿದಿದ್ದಕ್ಕೇ ನೀವು ಮೇಲೆ ತೇಲಿದ್ದು. ಹಾಗೆ ಯಾವತ್ತೂ ಹಿಡೀಬೇಡಿ, ಪೂಲಲ್ಲೂ. ಒಂದು ನಿಮಿಷ ಆದ ದಿನ ಇಲ್ಲಿ ಬಂದು ಬರೀರಿ.